ಗೋದಕ್ಕನ ಅಡಿಬಳ್ಳಿ

"ಇದನ್ನ ಗುಡಿಸ್ಲೋ, ಆರಿಸ್ಕೊಳ್ಲೋ?"

ಸಂಜೆ ಹೊತ್ತು ಊರಿಗೆ ಕಾವ್ಯ ಓದಿ ಹೇಳುವ ಓದುಕಟ್ಟೆಯ ಕಸ ಗುಡಿಸುವ ಸಾಕವ್ವ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೀಗೆ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ನಾನು ಬಂದು ಕಂಬದ ಹಿಂದೆ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮನೆ ಗಾಳಿಗೆ ಕೇಳಿದಳು. ಅವಳ ಕಾಲ ಬಳಿ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಬುಡದಲ್ಲಿ, ನಾಲ್ಕು ಅಕ್ಷರ ಬಿದ್ದಿದ್ದವು. ಗೋ ನೆಟ್ಟಗೆ ಕೂತಿತ್ತು. ದಾ ಪಕ್ಕಕ್ಕೆ ವಾಲಿತ್ತು. ವ ಉರುಳಿಕೊಂಡು ಚಪ್ಪಲಿ ಬಿಡುವ ಜಾಗದವರೆಗೆ ಹೋಗಿತ್ತು. ರಿ ಬೋರಲು ಬಿದ್ದಿತ್ತು. ನನ್ನ ಗಂಡನ ಅಕ್ಕ ಗೋದಾವರಿಯ ಹೆಸರು ಅದು. ಹಿಂದಿನ ಸಂಜೆ ತಾನೇ ಓಲಗ ಊದಿಸಿ, ಊರವರೆಲ್ಲ ನೋಡುತ್ತಿರುವಾಗ ಗೋಡೆಯ ಮೇಲೆ ಬರೆಸಿದ ಹೆಸರು.

ನಮ್ಮೂರಿನಲ್ಲಿ ಅಡಿಬಳ್ಳಿ ಇಲ್ಲದ ಅಕ್ಷರ ಒಂದು ರಾತ್ರಿ ದಾಟುವುದಿಲ್ಲ. ಬರೆದದ್ದು ಕಾಗದದ ಮೇಲಾಗಲಿ, ಗೋಡೆಯ ಮೇಲಾಗಲಿ, ತಗಡಿನ ಮೇಲಾಗಲಿ, ಅದರ ಕೆಳಗೆ ಒಂದು ಬಳ್ಳಿ ಎಳೆದಿರಬೇಕು. ಇಲ್ಲದಿದ್ದರೆ ಕೋಳಿ ಕೂಗುವ ಹೊತ್ತಿಗೆ ಅಕ್ಷರಗಳು ಜಾರಿ ನೆಲಕ್ಕೆ ಬಂದಿರುತ್ತವೆ. ಇದಕ್ಕೆ ನಾವೆಲ್ಲ ಹೊಂದಿಕೊಂಡವರು. ಹೊರಗಿನಿಂದ ಬಂದು ನಮ್ಮಲ್ಲಿ ತಂಗುವ ಬಸ್ಸಿನ ಬೋರ್ಡು ಬೆಳಗ್ಗೆ ಬೋಳಾಗಿರುತ್ತದೆ. ಕಂಡಕ್ಟರು ಬೈದುಕೊಳ್ಳುತ್ತಾ ಊರಿನ ಹೆಸರು ಕೂಗಿಯೇ ಜನ ಹತ್ತಿಸಿಕೊಳ್ಳುತ್ತಾನೆ. ಪೇಪರನ್ನು ಬಂದ ದಿನವೇ ಓದಿ ಮುಗಿಸುತ್ತೇವೆ. ಮರುದಿನ ಅದನ್ನು ಕೊಡವಿದರೆ ಸುದ್ದಿಯೆಲ್ಲ ಅಂಗಳಕ್ಕೆ ಬಿದ್ದು ಬರೀ ಹಾಳೆ ಉಳಿಯುತ್ತದೆ. ಬೋಂಡದಂಗಡಿಯವನಿಗೆ ಅಂಥ ಹಾಳೆಯೇ ಇಷ್ಟ, ಬೋಂಡಕ್ಕೆ ಮಸಿ ಹತ್ತುವುದಿಲ್ಲ. ಆಸ್ಪತ್ರೆಯ ನರ್ಸಮ್ಮ ಸೀಸೆಯ ಮೇಲೆ ಮೊದಲು ಬಳ್ಳಿ ಎಳೆದು ಆಮೇಲೆ ಔಷಧದ ಹೆಸರು ಬರೆಯುತ್ತಾಳೆ. ಪ್ರಾಯದ ಹುಡುಗ ಹುಡುಗಿಯರು ಕಾಗದ ಬರೆದರೆ ಬೇಕೆಂದೇ ಬಳ್ಳಿ ಎಳೆಯುವುದಿಲ್ಲ.

ಬಳ್ಳಿ ಎಂದರೆ ಬರೀ ಗೀಟಲ್ಲ. ಅದು ಒಂದು ಪುಟ್ಟ ಲಿಪಿ. ಚುಕ್ಕಿ, ಕೊಂಡಿ, ಅಲೆ, ಮೊಗ್ಗು, ಮಾವಿನಕಾಯಿ, ಗಿಳಿಮೂಗು, ಹೀಗೆ ಕೈಬೆರಳಲ್ಲಿ ಎಣಿಸಬಹುದಾದ ಗುರುತುಗಳು. ಅವನ್ನು ಯಾವ ಸಾಲಿನಲ್ಲಿ ಪೋಣಿಸುತ್ತೀರಿ ಎಂಬುದು ಮನೆಮನೆಗೆ ಬೇರೆ. ನಮ್ಮನೆಯ ಬಳ್ಳಿ ಎರಡು ಚುಕ್ಕಿ, ಒಂದು ಕೊಂಡಿ. ಬೆಲ್ಲದ ಮಂಡಿಯವರದ್ದು ಮಾವಿನಕಾಯಿಗಳ ನಡುವೆ ಗಿಳಿಮೂಗು. ಶಾಲೆಗೆ ಅಲೆ, ಪೊಲೀಸ್ ಠಾಣೆಗೆ ಗರಗಸದ ಹಲ್ಲು. ದೇವರ ಹೆಸರಿಗೂ ಕಾವ್ಯಕ್ಕೂ ಮೊಗ್ಗಿನ ಬಳ್ಳಿ; ಅದನ್ನು ಯಾರು ಬೇಕಾದರೂ ಎಳೆಯಬಹುದು, ದೇವರಿಗೆ ಮನೆಯ ಹಂಗಿಲ್ಲ. ಮಕ್ಕಳಿಗೆ ಅ ಆ ತಿದ್ದಿಸುವ ಮೊದಲು ಮನೆಯ ಬಳ್ಳಿ ತಿದ್ದಿಸುತ್ತೇವೆ. ಮಸಿ ಒಣಗುವ ಮೊದಲೇ ಅದನ್ನು ನೋಡಿ ಇದು ಯಾರ ಮನೆಯ ಹೆಸರು ಎಂದು ಓದು ಬಾರದವರೂ ಹೇಳುತ್ತಾರೆ.

ಗೋದಕ್ಕನಿಗೆ ಬಳ್ಳಿ ಇರಲಿಲ್ಲ. ಹೆಣ್ಣುಮಕ್ಕಳು ಮದುವೆಯ ದಿನ ತವರಿನ ಬಳ್ಳಿಯನ್ನು ಬಿಟ್ಟು ಹೋಗುತ್ತಾರೆ, ಹೋದ ಮನೆಯ ಬಳ್ಳಿ ಅವರನ್ನು ಹೊರುತ್ತದೆ. ಗೋದಕ್ಕ ಹೋದ ಮನೆಯವರು ವರ್ಷ ತುಂಬುವ ಮೊದಲೇ ಅವಳನ್ನು ಗಾಡಿಯಲ್ಲಿ ಕೂರಿಸಿ ವಾಪಸ್ಸು ಕಳಿಸಿದರು. ಕಾರಣ ಹೇಳಲಿಲ್ಲ. ಕೇಳುವ ಧೈರ್ಯ ಇಲ್ಲಿಯವರಿಗೂ ಇರಲಿಲ್ಲ. ಆ ಮನೆಯ ಬಳ್ಳಿ ಹೋಯಿತು, ಈ ಮನೆಯ ಬಳ್ಳಿ ಬಿಟ್ಟಾಗಿತ್ತು. ನಾನು ಮದುವೆಯಾಗಿ ಬಂದಾಗ ಅವಳಿಗೆ ಆಗಲೇ ಮುಂದಲೆ ನರೆತಿತ್ತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವಳದೊಂದು ಟ್ರಂಕು. ಬೆಳಗ್ಗೆ ಎದ್ದ ಕೂಡಲೇ ಅದರ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆಯುತ್ತಿದ್ದಳು, ಹಿಂದಿನ ದಿನದ್ದನ್ನು ನೆಲದಿಂದ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನನಗದು ಮೊದಮೊದಲು ಪೂಜೆಯೆಂದೇ ಕಂಡಿತ್ತು. ಒಮ್ಮೆ ಕೇಳಿದೆ.

"ದಿನಾ ಬರೀಬೇಕಾ ಗೋದಕ್ಕ? ಟ್ರಂಕು ನಿಮ್ದು ಅಂತ ಮನೇಲಿ ಯಾರಿಗೆ ಗೊತ್ತಿಲ್ಲ?"

"ನಿಂಗೆ ಗೊತ್ತು ಶಾಂಭವಿ, ಟ್ರಂಕಿಗೂ ಗೊತ್ತು," ಎಂದಳು. "ಆದ್ರೆ ನಾನು ಎದ್ದು ಬರೆಯೋದು ನಿಲ್ಲಿಸಿದ ದಿನ ಏನಾಗುತ್ತೆ ಹೇಳು. ನಂಗೆ ಒಂದೇ ಒಂದು ಕಡೆ ಬೇಕು. ನಾನು ಇಲ್ದೇ ಇದ್ರೂ ನಿಂತಿರೋ ಹಂಗೆ ಒಂದು ಕಡೆ."

ಅವಳ ಬಾಯಿಂದ ಬಂದ ಬೇಡಿಕೆ ಇಷ್ಟೇ. ಸೀರೆ ಕೇಳಿದವಳಲ್ಲ, ತೀರ್ಥಯಾತ್ರೆ ಕೇಳಿದವಳಲ್ಲ.

ನಾನು ಕಾವ್ಯ ಓದುವ ಮನೆಯಲ್ಲಿ ಬೆಳೆದವಳು. ನನ್ನ ಅಜ್ಜ ಜಗಲಿಯಲ್ಲಿ ಕೂತು ಓದುತ್ತಿದ್ದರೆ ಬೀದಿಯ ಎತ್ತಿನ ಗಾಡಿಗಳು ಗಂಟೆ ಬಿಚ್ಚಿಕೊಂಡು ಹೋಗುತ್ತಿದ್ದವು. ಮಾತಾಡುವುದಕ್ಕಿಂತ ಮೊದಲು ಕೇಳುವುದನ್ನು ಕಲಿತವಳು ನಾನು. ಹಾಗಾಗಿ ಗಂಡನ ಮನೆಗೆ ಬಂದು ಮೊದಲ ಸಂಜೆ ಓದುಕಟ್ಟೆಯಲ್ಲಿ ಗೋದಕ್ಕನ ದನಿ ಕೇಳಿದಾಗ ನನಗೆ ಊರು ಬಿಟ್ಟು ಬಂದ ದುಃಖವೇ ಹಾರಿಹೋಯಿತು. ರಾಜ ಕಾಡಿಗೆ ಹೊರಡುವ ಸಂಧಿ ಅದು. ಬೇರೆಯವರು ಅಲ್ಲಿ ಅಳುತ್ತಾರೆ. ಗೋದಕ್ಕ ಅಳಲಿಲ್ಲ, ದನಿ ಏರಿಸಲೂ ಇಲ್ಲ. ಅರಮನೆಯ ಬಾಗಿಲು ದಾಟುವ ಮಾತಿಗೆ ಬಂದಾಗ ಒಂದು ಉಸಿರಿನಷ್ಟು ನಿಲ್ಲಿಸಿದಳು. ಆ ಒಂದು ಉಸಿರಿನಲ್ಲಿ ಕಟ್ಟೆಯ ತುಂಬ ಕೂತ ಜನ ಹೊಸ್ತಿಲು ದಾಟಿದ ಹಾಗೆ ಕಾಲು ಎಳೆದುಕೊಂಡರು. ನಾನು ಕಂಡಿದ್ದೇನೆ. ಅಂದಿನಿಂದ ಕಂಬದ ಬುಡದ ಜಾಗ ನನ್ನದಾಯಿತು. ಗೋದಕ್ಕ ಓದದ ಸಂಜೆ ಎಂದರೆ ಅವಳಿಗೆ ಜ್ವರ ಬಂದ ಸಂಜೆ ಮಾತ್ರ.

ಓದುಕಟ್ಟೆಯ ಹಿಂಗೋಡೆಯಲ್ಲಿ ಹಿಂದಿನಿಂದ ಓದಿದವರ ಹೆಸರುಗಳಿವೆ. ನಾಲ್ಕು ದಿನ ಓದಿ ಗಂಟಲು ಕಟ್ಟಿತೆಂದು ಬಿಟ್ಟವರ ಹೆಸರೂ ಇದೆ. ಗೋದಕ್ಕನ ಹೆಸರು ಇರಲಿಲ್ಲ. ಕಟ್ಟೆಗೆ ಸುಣ್ಣ ಬಳಿಸುವ ಕೆಲಸ ಹಿಡಿದಾಗ ನಾನೇ ಹೋಗಿ ಸಮಿತಿಯ ಅಧ್ಯಕ್ಷ ಸೀತಾಪತಿಗಳನ್ನು ಕೇಳಿದೆ. ಒಳ್ಳೆಯ ಮನುಷ್ಯ, ಊರಿಗೆಲ್ಲ ನಗುಮುಖ. "ಬರೆಸೋಣ ತಾಯಿ, ಅದರಲ್ಲೇನು? ಓಲಗ ಊದಿಸಿಯೇ ಬರೆಸೋಣ," ಎಂದರು. ಹಾಗೇ ಮಾಡಿದರು. ಗೋಡೆ ಬರೆಯುವ ಕೊಟ್ರಯ್ಯ ದುಂಡಗೆ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಳ್ಳಿ ಎಳೆಯದೆ ಕುಂಚ ತೊಳೆದುಕೊಂಡು ಹೋದ. ಒಣಗಿದ ಮೇಲೆ ಎಳೆಯುತ್ತಾನೇನೋ ಎಂದುಕೊಂಡು ನಾನು ಮನೆಗೆ ಬಂದೆ. ಬೆಳಗ್ಗೆ ಹೂ ತೆಗೆದುಕೊಂಡು ಹೋದರೆ ಸಾಕವ್ವ ಪೊರಕೆ ಹಿಡಿದು ಗಾಳಿಗೆ ಪ್ರಶ್ನೆ ಕೇಳುತ್ತಿದ್ದಳು.

ಅಕ್ಷರ ಸರಸ್ವತಿ, ತುಳಿಯಬಾರದು. ನಾಲ್ಕನ್ನೂ ಆರಿಸಿ ಹೂಬುಟ್ಟಿಗೆ ಹಾಕಿಕೊಂಡು ನೆಟ್ಟಗೆ ಸೀತಾಪತಿಗಳ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಬುಟ್ಟಿ ಮುಂದಿಟ್ಟೆ.

"ಬಿತ್ತಾ? ಛೆ ಛೆ," ಎಂದರು. "ಆದ್ರೆ ಬರೆಸಿದೀವಲ್ಲ ಶಾಂಭವಮ್ಮ. ನಾವು ಬರೆಸಲಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಬಿದ್ರೆ ನಾವೇನು ಮಾಡೋಕಾಗುತ್ತೆ?"

"ಬಳ್ಳಿ ಎಳೆಸಿದ್ರೆ ಬೀಳ್ತಿರ್ಲಿಲ್ಲ."

"ಯಾವ ಮನೆ ಬಳ್ಳಿ ಎಳೆಸ್ಲಿ, ನೀವೇ ಹೇಳಿ. ಮನೆ ಇದ್ರೆ ಬಳ್ಳಿ."

"ಮೊಗ್ಗಿನ ಬಳ್ಳಿ ಎಳೆಸಿ. ಇಷ್ಟು ವರ್ಷ ದೇವರ ಕಥೆ ಓದಿದ ಬಾಯಿ."

ಅವರು ನಕ್ಕರು. "ಗೋದಾವರಿ ದೇವರಾ ಹಂಗಾದ್ರೆ? ನಾಳೆಯಿಂದ ಊದುಬತ್ತಿ ಹಚ್ಚಬೇಕಾ?"

"ಠಾಣೆ ದೇವರಾ? ಅದಕ್ಕೆ ಬಳ್ಳಿ ಇಲ್ವಾ? ನಿಮ್ಮ ಕಟ್ಟೆ ಮುಂದೆ 'ಚಪ್ಪಲಿ ಇಲ್ಲಿ ಬಿಡಿ' ಅಂತ ಬರೆಸಿದೀರಲ್ಲ, ಅದಕ್ಕೆ ಎಷ್ಟು ಚಂದದ ಬಳ್ಳಿ ಇದೆ! ಚಪ್ಪಲಿಗೆ ಯಾವ ಮನೆ ಸ್ವಾಮಿ?"

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು. ಸೀತಾಪತಿಗಳ ನಗು ಅಲ್ಲೇ ಇತ್ತು, ಆದರೆ ಲೋಟ ಕೆಳಗಿಟ್ಟರು. "ಕೋಪ ಮಾಡ್ಕೋಬೇಡಿ. ಪ್ರತಿ ಸೋಮವಾರ ಹೊಸದಾಗಿ ಬರೆಸ್ತೀನಿ. ವಾರಕ್ಕೊಂದು ದಿನ ಅಂತೂ ಹೆಸರು ಇರುತ್ತಲ್ಲ, ಅದೇನು ಕಮ್ಮಿ ಗೌರವವೇ?" ಎಂದರು.

ಹಾಗೆ ಮಾಡಿದರು ಕೂಡ. ಪ್ರತಿ ಸೋಮವಾರ ಕೊಟ್ರಯ್ಯ ಬಂದು ಬರೆಯುವುದು, ಮಂಗಳವಾರ ನಾನು ಸಾಕವ್ವನ ಪೊರಕೆಗಿಂತ ಮೊದಲು ಹೋಗಿ ಆರಿಸುವುದು. ಅವಮಾನವನ್ನು ಕೂಡ ವ್ರತದ ಹಾಗೆ ನಡೆಸಿಕೊಂಡು ಬರಬಹುದೆಂದು ನನಗೆ ಆಗ ಗೊತ್ತಾಯಿತು. ಆ ಅಕ್ಷರಗಳನ್ನು ಯಾರೂ ತುಳಿಯದ ಹಾಗೆ ಸಂಪಿಗೆ ಮರದ ಬುಡದಲ್ಲಿ ಸುರಿಯುತ್ತಿದ್ದೆ. ಗೋದಕ್ಕ ಮಾತ್ರ ಪ್ರತಿ ಸಂಜೆ ಹೋಗಿ ಅದೇ ಗೋಡೆಯ ಮುಂದೆ ಕೂತು ಓದುತ್ತಿದ್ದಳು. ತನ್ನ ಹೆಸರಿನ ಖಾಲಿ ಜಾಗದ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು.

ಗಂಡನನ್ನು ಕೇಳದೆ ಇರುತ್ತೇನೆಯೇ? ಊಟಕ್ಕೆ ಬಡಿಸುತ್ತಾ ಕೇಳಿದೆ. "ರೀ, ಮನೆ ಬಳ್ಳಿ ನಿಮ್ಮ ಕೈಲಿದೆ. ನಿಮ್ಮಕ್ಕನ ಹೆಸರಿನ ಕೆಳಗೆ ಎರಡು ಚುಕ್ಕಿ ಒಂದು ಕೊಂಡಿ ಎಳೆದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಬಿಟ್ಟು ಹೋದ ಬಳ್ಳಿನ ಮತ್ತೆ ಹಾಕಿದ್ರೆ ಮನೇಲಿರೋ ಹೆಸರುಗಳು ಸಡಿಲ ಆಗ್ತವಂತೆ."

"ಯಾರಂದ್ರು?"

"ಹಿರಿಯರು."

"ಹಾಕಿ ನೋಡಿದ ಹಿರಿಯರು ಯಾರು?"

"ಸಾರು ಹಾಕೇ," ಎಂದರು. ಸಾರು ಹಾಕಿದೆ. ಉಪ್ಪು ಹಾಕಿರಲಿಲ್ಲ. ಅವರು ಹಾಗೇ ಉಂಡೆದ್ದರು. ಉಪ್ಪಿಲ್ಲ ಎಂದು ಹೇಳುವ ಮುಖ ಇರಲಿಲ್ಲ ಅವರಿಗೆ.

ನಾನೇ ಹೋಗಿ ಎಳೆದುಬಿಡುತ್ತೇನೆ ಎಂದು ಒಮ್ಮೆ ಕುಂಚ ಕೂಡ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಗೋದಕ್ಕ ಕಂಡು ಕಿತ್ತುಕೊಂಡಳು. "ಕದ್ದು ಎಳೆದ ಬಳ್ಳಿ ಮೇಲೆ ನಾನು ನಿಲ್ಲಲ್ಲ ಕಣೇ. ನೀನು ಸುಮ್ನಿರು," ಎಂದಳು. ಬೈದದ್ದಲ್ಲ. ಆದರೆ ಆ ಸಂಜೆ ಓದುವಾಗ ಅವಳ ದನಿ ಎರಡು ಕಡೆ ಒಡೆಯಿತು. ಬೇರೆಯವರು ನೆಗಡಿ ಎಂದುಕೊಂಡರು.

ಹೀಗಿರುವಾಗ ಬೆಲ್ಲದ ಮಂಡಿಯ ವೃಷಭೇಂದ್ರಪ್ಪನವರು ಓದುಕಟ್ಟೆಯ ಹಿಂಗೋಡೆಗೆ ಕರಿಕಲ್ಲು ಹಾಸಿಕೊಟ್ಟರು. ಮುದುಕರು, ಕಿವಿ ಮಂದ, ಆದರೆ ದಿನಾ ಬಂದು ಮೊದಲ ಸಾಲಿನಲ್ಲಿ ಕಿವಿಗೆ ಅಂಗೈ ಕೊಟ್ಟು ಕೂರುತ್ತಿದ್ದರು. ಮಂಡಿಯ ವ್ಯವಹಾರವೆಲ್ಲ ಹಿರಿಮಗ ಮಲ್ಲಿನಾಥನದ್ದು. ಸುಣ್ಣದ ಗೋಡೆಯ ಹೆಸರುಗಳನ್ನೆಲ್ಲ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಹೊಸದಾಗಿ ಬರೆಸಬೇಕು, ದಾನ ಕೊಟ್ಟವರ ಹೆಸರನ್ನು ಕೆಳಸಾಲಿನಲ್ಲಿ ಬರೆಸಬೇಕು ಎಂದು ತೀರ್ಮಾನವಾಯಿತು. ದಾನಿಗಳ ಬಳ್ಳಿಗೆ ಬಾಲ ಬಿಡುವುದು ನಮ್ಮಲ್ಲಿ ವಾಡಿಕೆ. ಹೆಸರು ಮುಗಿದ ಮೇಲೂ ಬಳ್ಳಿ ಸ್ವಲ್ಪ ಮುಂದಕ್ಕೆ ಹರಿಯಬೇಕು, ಕೈ ಧಾರಾಳ ಎಂದು ತೋರಬೇಕು. ಮಲ್ಲಿನಾಥ ಕೊಟ್ರಯ್ಯನನ್ನು ಕರೆದು, "ಬಾಲ ಕಲ್ಲಿನ ಅಂಚು ಮುಟ್ಟಬೇಕು, ಜಿಪುಣತನ ಮಾಡಬೇಡ," ಎಂದ.

ಸೀತಾಪತಿಗಳು ಬೇರೊಂದು ಮಾತು ಹೇಳಿದರು. ಆ ಮಾತನ್ನು ಆಮೇಲೆ ಕೊಟ್ರಯ್ಯನ ಬಾಯಿಂದಲೇ ಕೇಳಿದೆ. ಕೇಳಿದಾಗಿನಿಂದ ನನಗೆ ಅವರ ನಗುಮುಖ ನೋಡಲು ಆಗುವುದಿಲ್ಲ. "ಆ ಗೋದಾವರಿ ಹೆಸರನ್ನ ಓದಿದವರ ನಡುವೆ ಬರೀಬೇಡ. ಬೆಳಗ್ಗೆ ಬಿದ್ರೆ ಹಲ್ಲು ಹೋದ ಬಾಯಿ ಹಾಗೆ ಕಾಣುತ್ತೆ. ಕೆಳಸಾಲಿನ ಕೊನೇಲಿ ಬರಿ. ಬಿದ್ರೂ ಗೊತ್ತಾಗಲ್ಲ," ಎಂದಿದ್ದರಂತೆ.

ಕೊಟ್ರಯ್ಯ ಹೇಳಿದ್ದನ್ನು ಮಾಡುವವನು. ಹೆಸರುಗಳನ್ನೆಲ್ಲ ಬರೆದ, ಕೆಳಸಾಲಿನಲ್ಲಿ ವೃಷಭೇಂದ್ರಪ್ಪನವರದ್ದನ್ನು ಬರೆದ, ಅದರಾಚೆ ಒಂದು ಗೇಣು ಬಿಟ್ಟು ಗೋದಾವರಿ ಎಂದು ಬರೆದ. ಆಮೇಲೆ ಬಳ್ಳಿ ಎಳೆಯಲು ಕೂತ. ಮಾವಿನಕಾಯಿ, ಗಿಳಿಮೂಗು, ಮಾವಿನಕಾಯಿ, ಗಿಳಿಮೂಗು. ಬಾಲ ಅಂಚು ಮುಟ್ಟಬೇಕಲ್ಲ. ಎಳೆಯುತ್ತಾ ಎಳೆಯುತ್ತಾ ಅಂಚಿಗೆ ತಂದು ನಿಲ್ಲಿಸಿ, ಕುಂಚ ತೊಳೆದು ಮನೆಗೆ ಹೋದ.

ಮರುದಿನ ಬೆಳಗ್ಗೆ ನಾನು ಬುಟ್ಟಿ ಹಿಡಿದು ಹೋದೆ. ನೆಲ ಖಾಲಿ ಇತ್ತು. ಸಾಕವ್ವ ಗುಡಿಸಿಬಿಟ್ಟಳೇನೋ ಎಂದು ಸುತ್ತ ನೋಡಿದೆ. ಅವಳು ಮೂಲೆಯಲ್ಲಿ ನಿಂತು ಪೊರಕೆಯ ಹಿಡಿಯಿಂದ ಗೋಡೆಯ ಕಡೆ ತೋರಿಸಿದಳು. "ಅಲ್ನೋಡವ್ವ. ನಿಂತವ್ಳೆ."

ನಿಂತಿತ್ತು. ನಾಲ್ಕೂ ಅಕ್ಷರ, ಕರಿಕಲ್ಲಿನ ಮೇಲೆ ಬೆಳ್ಳಗೆ, ಬೆಳಗಿನ ಬಿಸಿಲಿನಲ್ಲಿ. ನಾನು ಹತ್ತಿರ ಹೋಗಿ ಕೈಯಿಂದ ಮುಟ್ಟಿದೆ. ಅಲುಗಾಡಲಿಲ್ಲ. ಕಣ್ಣು ತುಂಬಿ ಬಂದು ಕಾಣಿಸದೆ ಹೋಯಿತು. ಒರೆಸಿಕೊಂಡು ನೋಡಿದಾಗ ಕೆಳಗಿನ ಮಾವಿನಕಾಯಿ ಕಂಡಿತು.

ಊರಿಗೆ ಇನ್ನೇನು ಬೇಕು? ಮಧ್ಯಾಹ್ನದೊಳಗೆ ನಲ್ಲಿಯ ಹತ್ತಿರ ಗೋದಕ್ಕ ಮಂಡಿಮನೆಯ ಗೋದಾವರಿ ಆಗಿದ್ದಳು. "ಅದಕ್ಕೇ ಅಂತೀನಿ, ಮುದುಕಪ್ಪ ದಿನಾ ಮೊದಲನೇ ಸಾಲಲ್ಲಿ ಯಾಕೆ ಕೂರ್ತಾರೆ!" ಎಂದು ಒಬ್ಬಳು. "ಕಿವಿ ಕೇಳಲ್ಲ, ಕಣ್ಣು ಕಾಣ್ತದಲ್ಲ!" ಎಂದು ಇನ್ನೊಬ್ಬಳು. ನನ್ನ ಕೊಡ ತುಂಬುವವರೆಗೆ ಅವರು ನಗುತ್ತಲೇ ಇದ್ದರು. ವಾರವಾರವೂ ಆ ಹೆಸರು ನೆಲದ ಮೇಲೆ ಬಿದ್ದಿದ್ದಾಗ ಇವರಲ್ಲಿ ಒಬ್ಬಳ ಬಾಯಿಂದ ಒಂದು ಅಯ್ಯೋ ಬಂದಿರಲಿಲ್ಲ. ಒಂದು ದಿನ ನಿಂತಿದ್ದಕ್ಕೆ ಇಷ್ಟು ಬಾಯಿಗಳು! ನಾನು ಕೊಡ ಎತ್ತಿಕೊಂಡು ಬರುವಾಗ ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಸಿಟ್ಟಿನಲ್ಲಿ ನಡೆದರೆ ಹಾಗೆಯೇ.

ಸೀತಾಪತಿಗಳೂ ಮಲ್ಲಿನಾಥನೂ ಕೊಟ್ರಯ್ಯನನ್ನು ಕಟ್ಟೆಗೆ ಕರೆಸಿ ಬೈದರು. ಅವನು ತಲೆ ಕೆರೆದುಕೊಂಡು ನಿಂತ. "ನೀವು ಸಾಲಿನ ಕೊನೇಲಿ ಬರಿ ಅಂದ್ರಿ. ಅವ್ರು ಬಾಲ ಅಂಚಿನ ತನಕ ಎಳಿ ಅಂದ್ರು. ಇಬ್ರ ಮಾತೂ ನಡೆಸಿದೀನಿ ಸ್ವಾಮಿ. ಇನ್ನೇನು ಮಾಡ್ಬೇಕಿತ್ತು?" ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಎಳೆದನೋ, ಇವತ್ತಿಗೂ ನನಗೆ ತಿಳಿಯದು. ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ.

ಬಾಲ ಕತ್ತರಿಸುವ ಹಾಗಿರಲಿಲ್ಲ. ನಡುವೆ ಕಡಿದ ಬಳ್ಳಿ ಯಾವ ಹೆಸರನ್ನೂ ಹೊರುವುದಿಲ್ಲ. ವೃಷಭೇಂದ್ರಪ್ಪನವರ ಹೆಸರೂ ಕೂಡಲೇ ಉದುರುತ್ತದೆ, ದಾನಿಯ ಹೆಸರನ್ನು ಬೇಕೆಂದೇ ಉದುರಿಸುವವರು ಯಾರು? ಗೋದಾವರಿಯನ್ನು ಒರೆಸೋಣವೆಂದರೆ, ನಿಂತ ಹೆಸರನ್ನು ಹೆಸರಿನವರ ಕೈ ಬಿಟ್ಟು ಬೇರೆ ಕೈ ಒರೆಸಬಾರದು. ಹಿಂದೆ ಒಬ್ಬ ಗುಮಾಸ್ತ ದಾಯಾದಿಯ ಹೆಸರನ್ನು ಬಾಗಿಲಿಂದ ಒರೆಸಿಬಿಟ್ಟಿದ್ದ. ಮರುದಿನ ಅವನ ಮನೆಯಲ್ಲಿ ಬಳ್ಳಿ ಇದ್ದ ಹೆಸರುಗಳೂ ಉದುರಿ, ತಿಜೋರಿಯಿಂದ ಹಿಡಿದು ಟಾನಿಕ್ ಸೀಸೆಯವರೆಗೆ ಎಲ್ಲ ಬೋಳಾಗಿ, ಪಾಪ, ಕೆಮ್ಮಿನ ಔಷಧವೆಂದು ಸೀಮೆಎಣ್ಣೆ ಕುಡಿದಿದ್ದ. ಬದುಕಿದ. ಆದರೆ ಅಂದಿನಿಂದ ಯಾರೂ ಆ ಕೆಲಸಕ್ಕೆ ಕೈ ಹಾಕಿಲ್ಲ. ಉಳಿದದ್ದು ಒಂದೇ ದಾರಿ. ಗೋದಕ್ಕ ತನ್ನ ಹೆಸರನ್ನು ತಾನೇ ಒರೆಸಬೇಕು.

ಸಂಜೆ ಓದುವ ಹೊತ್ತಿಗೆ ಕಟ್ಟೆ ಎಂದೂ ಇಲ್ಲದಷ್ಟು ತುಂಬಿತ್ತು. ನಲ್ಲಿಯ ಹೆಂಗಸರೂ ಬಂದಿದ್ದರು. ಕಾವ್ಯದ ಮೇಲೆ ಅವರಿಗೆ ಅಷ್ಟು ಭಕ್ತಿ ಹಿಂದೆ ಇರಲಿಲ್ಲ. ಗೋದಕ್ಕ ಮಣೆಯ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಅಂದು ಮೊದಲ ಸಲ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಸೀತಾಪತಿಗಳು ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು ಬಂದರು. ಒರೆಸುವ ಬಟ್ಟೆಗೆ ಎಲೆ ಅಡಿಕೆಯ ಮರ್ಯಾದೆ! ಹಿಂದೆ ಮಲ್ಲಿನಾಥ. ಅವನ ಹಿಂದೆ, ನಾನು ನಂಬಲಿಲ್ಲ, ನನ್ನ ಗಂಡ.

"ತಪ್ಪಾಗಿದೆ ಗೋದಾವರಮ್ಮ," ಎಂದು ಸೀತಾಪತಿಗಳು ಶುರು ಮಾಡಿದರು. "ಕೊಟ್ರಯ್ಯ ಮಾಡಿದ ಅವಾಂತರ. ನಿಮ್ಮಂಥ ಮಾನವಂತರ ಹೆಸರು ಇನ್ನೊಬ್ಬರ ಬಳ್ಳಿ ಮೇಲೆ ಇರಬಾರದು. ಊರು ಏನೇನೋ ಆಡ್ತಾ ಇದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಊರು ಏನಾಡ್ತಿದೆ?" ಎಂದಳು ಗೋದಕ್ಕ.

ಅವರು ಸುತ್ತ ನೋಡಿದರು. ನಲ್ಲಿಯ ಹೆಂಗಸರು ಸೆರಗಿನ ಅಂಚು ನೋಡಿಕೊಂಡರು.

"ಹೇಳಿ ಸೀತಾಪತಿಗಳೇ. ಮಂಡಿಮನೆ ಗೋದಾವರಿ ಅಂತಿದಾರೆ, ಅಷ್ಟೇ ತಾನೇ? ಇಷ್ಟು ವರ್ಷ ಯಾವ ಮನೆಯವಳೂ ಅಲ್ಲ ಅಂತಿದ್ರು. ಅದನ್ನ ಕೇಳಿಸ್ಕೊಂಡು ಇಲ್ಲಿ ಕೂತು ಓದಿದೀನಿ. ಇದನ್ನೂ ಕೇಳಿಸ್ಕೊಂಡು ಓದ್ತೀನಿ."

ಮಲ್ಲಿನಾಥ ಮುಂದೆ ಬಂದ. "ನಮ್ಮ ಮನೆ ಮಾನದ ಪ್ರಶ್ನೆ ಅಮ್ಮ ಇದು. ಬಳ್ಳಿ ನಮ್ಮದು."

"ಬಳ್ಳಿ ನಿಮ್ಮದು ಕಣಪ್ಪ, ನಾನು ಬೇಡ ಅಂದ್ನಾ? ತಗೊಂಡು ಹೋಗು. ಹೆಸರು ನಂದು."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಮಲ್ಲಿನಾಥನ ಮುಖ ಕೆಂಪಾಯಿತು. ಮೊದಲ ಸಾಲಿನಲ್ಲಿ ಅವನಪ್ಪ ಕಿವಿಗೆ ಅಂಗೈ ಕೊಟ್ಟು ಎಲ್ಲರ ಬಾಯಿಗಳನ್ನೂ ನೋಡುತ್ತಿದ್ದರು. "ಏನೋ ಅದು? ಓದು ಶುರುವಾಯ್ತಾ?" ಎಂದರು.

"ಇಲ್ಲಪ್ಪ! ಹೆಸರಿನ ವಿಷಯ!" ಎಂದು ಮಗ ಕೂಗಿದ.

"ಹೆಸರಾ? ನಿಂತಿದೆಯಲ್ಲ. ಓದೋಕೆ ಹೇಳು," ಎಂದು ಮುದುಕರು ಮತ್ತೆ ಕಿವಿಗೆ ಕೈ ಕೊಟ್ಟುಕೊಂಡರು.

ಈಗ ನನ್ನ ಗಂಡ ಬಗ್ಗಿ ಕೂತರು. ಅವರ ದನಿ ಮೆಲ್ಲಗಿತ್ತು, ಆದರೆ ನಾನು ಕಂಬದ ಬುಡದವಳು, ನನಗೆ ಎಲ್ಲ ಕೇಳುತ್ತದೆ. "ಅಕ್ಕಾ, ಒರೆಸ್ಬಿಡು. ನಂಗೆ ಬೀದೀಲಿ ತಲೆ ಎತ್ತೋಕಾಗ್ತಿಲ್ಲ. ಆಮೇಲೆ ಬೇಕಾದ್ರೆ ನಮ್ಮನೆ ಬಳ್ಳಿನೇ ಎಳೆಯೋಣ. ಮಾತು ಕೊಡ್ತೀನಿ."

ಗೋದಕ್ಕ ಕನ್ನಡಕ ಹಾಕಿಕೊಂಡು ತಮ್ಮನನ್ನು ನೋಡಿದಳು. ಆ ನೋಟದಲ್ಲಿ ಆಸೆ ಇತ್ತು. ಸುಳ್ಳು ಹೇಳಲಾರೆ. ಎರಡು ಚುಕ್ಕಿ, ಒಂದು ಕೊಂಡಿ. ಅವಳು ಅ ಆ ಕಲಿಯುವ ಮೊದಲು ತಿದ್ದಿದ್ದು.

"ಕೊಟ್ರಯ್ಯ ಇಲ್ಲೇ ಇದಾನೆ, ಕುಂಚನೂ ಇದೆ," ಎಂದಳು. "ಟ್ರಂಕಿನ ಮೇಲೆ ಬೆಳಗ್ಗೆ ಹೆಸರು ಬರೆದು ಬಂದಿದೀನಿ. ಹೋಗಿ ಅದಕ್ಕೊಂದು ಬಳ್ಳಿ ಎಳೆದು ಬಾ. ನಾಳೆ ಬೆಳಗ್ಗೆ ಅದು ನಿಂತಿದ್ರೆ ಇದನ್ನ ಒರೆಸ್ತೀನಿ."

ಅವರು ಕೂತಲ್ಲೇ ಕೂತಿದ್ದರು. ಒಮ್ಮೆ ಸೀತಾಪತಿಗಳ ಕಡೆ ನೋಡಿದರು. ಸೀತಾಪತಿಗಳು ಬೇಡವೆಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸಿದರು. ನನ್ನ ಗಂಡ ಎದ್ದು ಪಂಚೆ ಕೊಡವಿಕೊಂಡರು, ಮನೆಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಆಗ ನನ್ನ ಎದೆಯಲ್ಲಿ ಎದ್ದದ್ದನ್ನು ಏನೆಂದು ಹೇಳಲಿ? ಇಷ್ಟು ವರ್ಷ ಕೇಳಿದ ಕಾವ್ಯಗಳಲ್ಲಿ ಎಷ್ಟೋ ಸಭೆಗಳು ಬಂದಿವೆ, ಎಷ್ಟೋ ಸಭೆಗಳಲ್ಲಿ ದೊಡ್ಡವರು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದಾರೆ. ಅದನ್ನು ಕೇಳುವಾಗ ಇದೇ ಜನ ಹಲ್ಲು ಕಡಿಯುತ್ತಾರೆ, ಅಯ್ಯೋ ಪಾಪಿಗಳೇ ಎನ್ನುತ್ತಾರೆ. ಇವತ್ತು ಅದೇ ಜನ ಕಾಲು ಮಡಚಿಕೊಂಡು, ಆಮೇಲೇನಾಗುತ್ತದೆ ಎಂದು ನೋಡುತ್ತಾ ಕೂತಿದ್ದರು. ಒಬ್ಬರಾದರೂ, ನಾವು ಈ ಹೆಂಗಸಿನ ದನಿಯಲ್ಲಿ ದೇವರನ್ನು ಕಂಡಿದ್ದೇವೆ, ತಟ್ಟೆ ಹಿಂದಕ್ಕೆ ಒಯ್ಯಿರಿ ಎನ್ನಬಾರದೇ? ನಾನು ಎದ್ದು ನಿಂತೆ. "ಸೀತಾಪತಿಗಳೇ, ತಟ್ಟೆ ಹಿಂದಕ್ಕೆ ಒಯ್ಯಿರಿ," ಎಂದೆ. ಆ ಕಟ್ಟೆಯಲ್ಲಿ ನಾನು ಬಾಯಿ ಬಿಟ್ಟಿದ್ದು ಅದೇ ಮೊದಲು. ಸಾಕವ್ವ ಒಬ್ಬಳೇ ಮೆಟ್ಟಿಲ ಹತ್ತಿರದಿಂದ, "ಹಂಗನ್ನಿ ಅವ್ವ!" ಎಂದಳು.

ಸೀತಾಪತಿಗಳು ನನ್ನ ಕಡೆ ತಿರುಗಲೇ ಇಲ್ಲ. ಅವರ ಮುಖದಿಂದ ನಗು ಹೋಗಿತ್ತು. ಇಷ್ಟು ವರ್ಷಗಳಲ್ಲಿ ಅದಿಲ್ಲದ ಅವರ ಮುಖವನ್ನು ನಾನು ಕಂಡಿರಲಿಲ್ಲ, ಚಿಕ್ಕದಾಗಿತ್ತು. ತಟ್ಟೆಯನ್ನು ಗೋದಕ್ಕನ ಮುಂದಕ್ಕೆ ಸರಿಸಿದರು. ಒದ್ದೆ ಬಟ್ಟೆಯಿಂದ ನೀರು ಎಲೆಯ ಮೇಲೆ ಇಳಿಯುತ್ತಿತ್ತು.

"ನೋಡಿ ಗೋದಾವರಮ್ಮ. ಅಪ್ಪಣೆ ಅಲ್ಲ ಇದು, ಕೇಳ್ಕೊಳ್ತಿರೋದು. ನಾನು ಕೇಳ್ತಿಲ್ಲ, ಊರು ಕೇಳ್ತಿದೆ. ದೊಡ್ಡ ಮನಸ್ಸು ಮಾಡಿ. ನಾಲ್ಕೇ ಅಕ್ಷರ. ಒರೆಸಿ."

ಗೋದಕ್ಕ ತಟ್ಟೆಯನ್ನು ನೋಡಿದಳು, ಗೋಡೆಯನ್ನು ನೋಡಿದಳು. ಮೊಣಕಾಲಿನ ಮೇಲೆ ಕೈ ಊರಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಒರೆಸೋದಿಲ್ಲ," ಎಂದಳು.